ಅನ್ನವುಂಟು, ಪಾಲಿಲ್ಲ: ಗ್ರಾಮೀಣ ಕರ್ನಾಟಕದ ಬುದ್ಧಿಮಾಂದ್ಯ ಮಕ್ಕಳ ಚರಿತ್ರೆಯ ಕೆಲವು ನೆಲೆಗಳು

ಕರ್ನಾಟಕದ ಗ್ರಾಮಚರಿತ್ರೆಯನ್ನು ಕುರಿತ ಬರವಣಿಗೆಯಲ್ಲಿ ಜಾತಿ, ಭೂಮಿ, ಕಸುಬು, ಹೆಣ್ಣು, ದೈವ ಇವೆಲ್ಲವೂ ತಕ್ಕಮಟ್ಟಿಗೆ ಸ್ಥಾನ ಪಡೆದಿವೆ. ಆದರೆ ವಯಸ್ಸಿಗೆ ತಕ್ಕಂತೆ ಬುದ್ಧಿ ಬೆಳೆಯದ ಮಕ್ಕಳ ವಿಷಯದಲ್ಲಿ ಈ ಬರವಣಿಗೆ ಬಹುಮಟ್ಟಿಗೆ ಮೌನವಾಗಿದೆ. ಅವರ ಬಗ್ಗೆ ಪ್ರಚಲಿತವಾಗಿರುವುದು ಎರಡು ತೀರ್ಮಾನಗಳು. ಹಳ್ಳಿಯ ಜನ ಅಜ್ಞಾನದಿಂದ ಇಂತಹ ಮಕ್ಕಳನ್ನು ಮೂಲೆಗೆ ತಳ್ಳಿದರು, ಶಾಪವೆಂದು ಭಾವಿಸಿದರು ಎಂಬುದು ಒಂದು. ಹಳ್ಳಿಯ ಸಮುದಾಯ ಇವರನ್ನು ಬೇರೆಯೆಂದು ಎಣಿಸದೆ ಒಡಲಲ್ಲಿಟ್ಟುಕೊಂಡಿತ್ತು, ಬೇರ್ಪಡಿಸಿದ್ದು ಆಧುನಿಕತೆ ಎಂಬುದು ಇನ್ನೊಂದು. ಮೊದಲನೆಯದು ಆಡಳಿತದ ವರದಿಗಳ ಧಾಟಿ. ಎರಡನೆಯದು ಜಾನಪದ ವಿದ್ವಾಂಸರ ಧಾಟಿ. ಎರಡೂ ಅರ್ಧಸತ್ಯಗಳೇ. ಮಗುವಿಗೆ ಊಟ ಸಿಕ್ಕಿತೇ ಎಂದು ಕೇಳಿದರೆ ಎರಡನೆಯ ತೀರ್ಮಾನ ಸರಿಯೆಂದು ತೋರುತ್ತದೆ. ಮನೆ ಪಾಲಾಗುವ ದಿನ ಆ ಮಗುವಿನ ಹೆಸರಿಗೆ ಏನು ಬಂತು ಎಂದು ಕೇಳಿದರೆ ಚಿತ್ರ ಬೇರೆಯಾಗುತ್ತದೆ. ಈ ಪ್ರಬಂಧ ಎರಡನೆಯ ಪ್ರಶ್ನೆಯನ್ನು ಹಿಡಿದು ಹೊರಡುತ್ತದೆ.

ಪಾಲಿನ ಪ್ರಶ್ನೆಗೆ ಲಿಖಿತ ಉತ್ತರ ಕೊಟ್ಟ ಅತ್ಯಂತ ಪ್ರಭಾವಶಾಲಿ ಗ್ರಂಥ ಹುಟ್ಟಿದ್ದು ಕನ್ನಡ ನೆಲದಲ್ಲಿಯೇ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಾದ ‘ಮಿತಾಕ್ಷರಾ’ ಮುಂದೆ ಬಂಗಾಳದ ಭಾಗವೊಂದನ್ನು ಬಿಟ್ಟು ಭಾರತದ ಬಹುಭಾಗಕ್ಕೆ ದಾಯವಿಭಾಗದ ಆಧಾರಗ್ರಂಥವಾಯಿತು. ಯಾಜ್ಞವಲ್ಕ್ಯನು ಪಾಲಿಗೆ ಅನರ್ಹರಾದವರನ್ನು ಹೆಸರಿಸುವಾಗ ಕುಂಟ, ಕುರುಡ, ಉನ್ಮತ್ತರ ಜೊತೆಗೆ ‘ಜಡ’ನನ್ನೂ ಸೇರಿಸುತ್ತಾನೆ, ಇವರು ‘ನಿರಂಶಕರು’, ಆದರೆ ‘ಭರ್ತವ್ಯರು’, ಅಂದರೆ ಪಾಲಿಲ್ಲದವರು ಆದರೆ ಪೋಷಿಸಲ್ಪಡಬೇಕಾದವರು ಎನ್ನುತ್ತಾನೆ. ಜಡನೆಂದರೆ ಯಾರೆಂಬುದನ್ನು ವಿಜ್ಞಾನೇಶ್ವರ ವಿವರಿಸುತ್ತಾನೆ: ಅಂತಃಕರಣ ವಿಕಲವಾಗಿದ್ದು, ತನಗೆ ಹಿತವಾವುದು ಅಹಿತವಾವುದು ಎಂದು ನಿಶ್ಚಯಿಸಲಾರದವನು. ಹುಚ್ಚನನ್ನೂ ಜಡನನ್ನೂ ಬೇರೆ ಬೇರೆಯಾಗಿ ಇಟ್ಟಿರುವುದು ಇಲ್ಲಿ ಗಮನಾರ್ಹ. ಇಪ್ಪತ್ತನೆಯ ಶತಮಾನದ ಕಾನೂನು ಈ ಎರಡನ್ನೂ ಒಂದೇ ಪದದಡಿ ತಂದು, ಮತ್ತೆ ಬಿಡಿಸಿಕೊಳ್ಳಲು ಬಹುಕಾಲ ತೆಗೆದುಕೊಂಡಿತು.

ವಿಜ್ಞಾನೇಶ್ವರನ ನಿಲುವನ್ನು ಕೇವಲ ಕ್ರೌರ್ಯವೆಂದು ಓದುವುದು ನ್ಯಾಯವಲ್ಲ. ಪಾಲು ಹಂಚುವುದಕ್ಕೆ ಮೊದಲು ದೋಷ ಕಾಣಿಸಿಕೊಂಡಿದ್ದರೆ ಮಾತ್ರ ಅನರ್ಹತೆ. ಪಾಲಾದ ಮೇಲೆ ಬಂದ ದೋಷದಿಂದ ಪಡೆದ ಪಾಲು ಹೋಗದು. ಔಷಧಾದಿಗಳಿಂದ ದೋಷ ನಿವಾರಣೆಯಾದರೆ ಅನಂತರವೂ ಪಾಲುಂಟು. ಅನರ್ಹನ ಮಕ್ಕಳು ದೋಷರಹಿತರಾಗಿದ್ದರೆ ಅವರಿಗೆ ಪಾಲುಂಟು. ಹೆಣ್ಣುಮಕ್ಕಳನ್ನು ಮದುವೆಯಾಗುವತನಕ ಸಲಹಬೇಕು. ಆದರೆ ಹುಟ್ಟಿನಿಂದಲೇ ಬುದ್ಧಿ ಬೆಳೆಯದ, ಔಷಧಿಗೆ ಜಗ್ಗದ, ಮದುವೆಯಾಗದ ಮಗುವಿಗೆ ಈ ಮೂರು ಕಿಂಡಿಗಳಲ್ಲಿ ಒಂದೂ ತೆರೆಯುವುದಿಲ್ಲ. ಆ ಮಗುವಿಗೆ ಉಳಿಯುವುದು ಪೋಷಣೆ ಮಾತ್ರ. ಕನ್ನಡದಲ್ಲಿ ಅದಕ್ಕೆ ಬಳಕೆಯಲ್ಲಿರುವ ‘ಜೀವನಾಂಶ’ ಎಂಬ ಪದದೊಳಗೆ ‘ಅಂಶ’ವಿದೆ; ಆದರೆ ಅದು ನೆಲದ ಅಂಶವಲ್ಲ.

ಈ ಶಾಸ್ತ್ರ ಹಳ್ಳಿಯ ಒಕ್ಕಲು ಮನೆಯ ತನಕ ಇಳಿದಿತ್ತೇ ಎಂಬ ಸಂಶಯ ಸಹಜವಾದುದು. ಬ್ರಿಟಿಷ್ ನ್ಯಾಯಾಲಯಗಳು ಬರುವ ಮೊದಲು ಒಕ್ಕಲಿಗ, ಕುರುಬ, ಬೇಡ, ನೇಕಾರ ಮುಂತಾದ ಸಮುದಾಯಗಳ ಪಾಲುಪಾರೀಖತ್ತುಗಳು ಕುಲದ ಹಿರಿಯರ, ಊರ ಗೌಡರ ಸಮ್ಮುಖದಲ್ಲಿ, ರೂಢಿಯ ಪ್ರಕಾರ ನಡೆಯುತ್ತಿದ್ದವು. ಅವಕ್ಕೆ ಸಂಸ್ಕೃತ ಗ್ರಂಥದ ಅಗತ್ಯವಿರಲಿಲ್ಲ. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರಾದ ದಾಯಭಾಗವನ್ನು ಇಂಗ್ಲಿಷಿಗೆ ಅನುವಾದಿಸಿದ ನಂತರ ಅದು ನ್ಯಾಯಾಧೀಶರ ಕೈಪಿಡಿಯಾಗಿ, ರೂಢಿಯನ್ನು ಬೇರೆಯಾಗಿ ಸಾಬೀತುಪಡಿಸದ ಎಲ್ಲ ಹಿಂದೂಗಳಿಗೂ ಅನ್ವಯವಾಯಿತು. ಆದರೂ ರೂಢಿಯು ಶಾಸ್ತ್ರಕ್ಕಿಂತ ಉದಾರವಾಗಿತ್ತೆಂದು ಭಾವಿಸಲು ಮೌಖಿಕ ಸಾಹಿತ್ಯ ಆಸ್ಪದ ಕೊಡುವುದಿಲ್ಲ. ಅದಕ್ಕೆ ಒಂದು ಕಥೆಯೇ ಸಾಕ್ಷಿ.

ಕರ್ನಾಟಕದ ಅನೇಕ ಕಡೆ, ನೆರೆಯ ಭಾಷೆಗಳಲ್ಲಿಯೂ, ಹೇಳುವ ಅಣ್ಣತಮ್ಮಂದಿರ ಕಥೆಯದು. ತಂದೆ ಸತ್ತ ಮೇಲೆ ಜಾಣ ಅಣ್ಣ, ಪೆದ್ದ ತಮ್ಮ ಪಾಲಾಗುತ್ತಾರೆ. ಇರುವುದು ಒಂದು ಹಸು, ಒಂದು ಮರ, ಒಂದು ಕಂಬಳಿ. ಹಸುವಿನ ಮುಂಭಾಗ ತಮ್ಮನಿಗೆ, ಹಿಂಭಾಗ ಅಣ್ಣನಿಗೆ. ಮರದ ಬುಡ ತಮ್ಮನಿಗೆ, ತಲೆ ಅಣ್ಣನಿಗೆ. ಕಂಬಳಿ ಹಗಲು ತಮ್ಮನಿಗೆ, ರಾತ್ರಿ ಅಣ್ಣನಿಗೆ. ತಮ್ಮ ಹುಲ್ಲು ಹಾಕುತ್ತಾನೆ, ಅಣ್ಣ ಹಾಲು ಕರೆಯುತ್ತಾನೆ. ತಮ್ಮ ನೀರು ಹೊಯ್ಯುತ್ತಾನೆ, ಅಣ್ಣ ಫಲ ಕೊಯ್ಯುತ್ತಾನೆ. ಕೊನೆಗೆ ಊರಿನವರೊಬ್ಬರು ಹೇಳಿಕೊಟ್ಟಂತೆ ತಮ್ಮ, ಹಾಲು ಕರೆಯುವಾಗ ಹಸುವಿನ ಮುಖಕ್ಕೆ ಹೊಡೆಯುತ್ತಾನೆ, ಮರದ ಬುಡಕ್ಕೆ ಕೊಡಲಿ ಎತ್ತುತ್ತಾನೆ, ಸಂಜೆಗೆ ಕಂಬಳಿಯನ್ನು ನೀರಿನಲ್ಲಿ ಅದ್ದಿಡುತ್ತಾನೆ. ಅಣ್ಣ ದಾರಿಗೆ ಬರುತ್ತಾನೆ.

ಇದನ್ನು ಸಾಮಾನ್ಯವಾಗಿ ಜಾಣ್ಮೆಯ ಕಥೆಗಳ ಗುಂಪಿಗೆ ಸೇರಿಸಿ ಕೈತೊಳೆದುಕೊಳ್ಳಲಾಗುತ್ತದೆ. ಆದರೆ ಕಥೆಯ ಒಳಗಿರುವ ವ್ಯವಹಾರವನ್ನು ನೋಡಬೇಕು. ಪೆದ್ದನಿಗೆ ಪಾಲಿಲ್ಲವೆಂದು ಇಲ್ಲಿ ಯಾರೂ ಹೇಳುವುದಿಲ್ಲ. ಪಾಲಿನ ಹೆಸರಿನಲ್ಲಿ ಅವನಿಗೆ ದುಡಿಮೆಯನ್ನು ಕೊಡಲಾಗುತ್ತದೆ. ಅಣ್ಣ ಬದಲಾಗುವುದು ಕರುಣೆಯಿಂದಲ್ಲ, ಸ್ವತಃ ನಷ್ಟವಾದಾಗ. ಉಪಾಯ ಹೊಳೆಯುವುದು ಪೆದ್ದನಿಗಲ್ಲ. ಹೊರಗಿನ ಒಬ್ಬ ವ್ಯಕ್ತಿ ಅವನ ಪರ ನಿಲ್ಲಬೇಕಾಗುತ್ತದೆ. ಇಂದಿನ ಕಾನೂನಿನ ಭಾಷೆಯಲ್ಲಿ ಆ ವ್ಯಕ್ತಿಯನ್ನು ‘ಪೋಷಕ’ ಎನ್ನುತ್ತಾರೆ. ಕಥೆ ಹೇಳಿದ ಜನಕ್ಕೆ ಈ ಅನ್ಯಾಯ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಕಥೆಗೆ ನಗು ಹುಟ್ಟುತ್ತಿರಲಿಲ್ಲ.

ಉಳಿದ ಪೆದ್ದರ ಕಥೆಗಳು ಇಷ್ಟು ಖಚಿತವಾಗಿಲ್ಲ. ಅತ್ತೆಯ ಮನೆಯಲ್ಲಿ ಕಡುಬು ತಿಂದು, ಅದರ ಹೆಸರನ್ನು ದಾರಿಯುದ್ದಕ್ಕೂ ಜಪಿಸುತ್ತಾ ಬಂದು, ಹಳ್ಳ ದಾಟುವಾಗ ಮರೆತುಬಿಡುವ ಅಳಿಯನ ಕಥೆ ಆರ್ನೆ–ಥಾಂಪ್ಸನ್ ವರ್ಗೀಕರಣದ 1687ನೆಯ ಮಾದರಿಗೆ ಸೇರುತ್ತದೆ. ಇಂತಹ ಕಥೆಗಳ ಪೆದ್ದ ಬಹುಪಾಲು ವಯಸ್ಕ, ಮದುವೆಯಾದವನು, ಗಂಡಸು. ಬುದ್ಧಿ ಬೆಳೆಯದ ಮಗು, ಅದರಲ್ಲಿಯೂ ಹೆಣ್ಣುಮಗು, ನಗೆಯ ಕಥೆಯೊಳಗೆ ಅಪರೂಪ. ನಗುವುದಕ್ಕೆ ಯೋಗ್ಯವಾದುದು ಯಾವುದು, ಅಲ್ಲದ್ದು ಯಾವುದು ಎಂಬ ವಿವೇಚನೆ ಕಥೆಗಾರರಿಗಿತ್ತೆಂದು ಇದನ್ನು ಅರ್ಥೈಸಬಹುದು. ಅಂತಹ ಹೆಣ್ಣುಮಗು ಕಥೆಗೂ ಬೇಡವಾದಳು ಎಂದೂ ಅರ್ಥೈಸಬಹುದು.

ಕನ್ನಡದ ಬೈಗುಳ ಮತ್ತು ಮುದ್ದಿನ ಮಾತುಗಳ ನಡುವೆ ಈ ಮಕ್ಕಳಿಗಿರುವ ಹೆಸರುಗಳು ಹರಡಿಕೊಂಡಿವೆ. ದಡ್ಡ, ಪೆದ್ದ, ಮಂಕ, ಬೆಪ್ಪ, ಹೆಡ್ಡ, ಗಾಂಪ, ಹುಂಬ ಇವು ಯಾರನ್ನಾದರೂ ಕರೆಯಬಹುದಾದ ಪದಗಳು. ಹುಟ್ಟಿನ ಸ್ಥಿತಿಯನ್ನು ಸೂಚಿಸಬೇಕಾದಾಗ ತಾಯಂದಿರು ‘ಬುದ್ಧಿ ಕಡಿಮೆ’, ‘ತಿಳಿವಳಿಕೆ ಬಾರದ ಕೂಸು’ ಎಂಬ ಮೆತ್ತನೆಯ ಮಾತಿಗೆ ತಿರುಗುತ್ತಾರೆ. ‘ಮರುಳ’ ಎಂಬುದರ ದಾರಿ ಇನ್ನೂ ವಿಶಿಷ್ಟವಾದುದು. ಮಲೆನಾಡಿನಲ್ಲಿ ‘ಮಳ್ಳ’ ಎಂದು ಬೈಗುಳವಾಗಿರುವ ಈ ಪದ ಶರಣ ಪರಂಪರೆಯಲ್ಲಿ ಮರುಳಸಿದ್ಧ, ಮರುಳಶಂಕರದೇವ ಎಂಬ ಪೂಜ್ಯ ನಾಮಗಳಾಯಿತು. ಶೂನ್ಯಸಂಪಾದನೆಯ ಪ್ರಕಾರ ಮರುಳಶಂಕರದೇವನು ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಯಾರ ಗಮನಕ್ಕೂ ಬಾರದೆ, ಮರುಳನಂತೆ ಬದುಕಿದ್ದನು. ಅವನನ್ನು ಗುರುತಿಸಿದವನು ಹೊರಗಿನಿಂದ ಬಂದ ಅಲ್ಲಮಪ್ರಭು. ಅವನು ನಿಜವಾಗಿ ಬುದ್ಧಿಮಾಂದ್ಯನಾಗಿದ್ದನೆಂದು ಇಲ್ಲಿ ವಾದಿಸುತ್ತಿಲ್ಲ. ಕಥನದ ಉದ್ದೇಶವೇ ಅದಕ್ಕೆ ವಿರುದ್ಧವಾದುದು. ಆದರೆ ನಿರಂಶಕರ ಪಟ್ಟಿಗೆ ವ್ಯಾಖ್ಯಾನ ಬರೆದ ಕಲ್ಯಾಣದಲ್ಲಿಯೇ, ಪ್ರಸಾದ ದೊರೆತರೂ ಯಾರ ಕಣ್ಣಿಗೂ ಬೀಳದ ಮನುಷ್ಯನೊಬ್ಬನ ಕಥೆ ನೆಲೆನಿಂತಿರುವುದು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಅನ್ನ ಹಾಕುವುದಕ್ಕೂ ಗುರುತಿಸುವುದಕ್ಕೂ ಇರುವ ಅಂತರವನ್ನು ಆ ಕಥನ ಬಲ್ಲದು.

ಅನ್ನದ ಕಡೆಗೆ ಬಂದರೆ, ಹಳ್ಳಿಯ ಕೃಷಿ ಬದುಕು ಈ ಮಕ್ಕಳಿಗೆ ತಕ್ಕ ಕೆಲಸಗಳನ್ನು ಉಳಿಸಿಕೊಂಡಿತ್ತೆಂಬುದು ನಿಜ. ದನ ಅಟ್ಟುವುದು, ಆಡು ಕಾಯುವುದು, ತೆನೆ ಕಟ್ಟಿದ ಹೊಲದಲ್ಲಿ ಹಕ್ಕಿ ಓಡಿಸುವುದು, ನೀರು ಹೊರುವುದು, ಕಣದಲ್ಲಿ ಬಂತಿಯ ಹಿಂದೆ ಸುತ್ತುವುದು ಇವೆಲ್ಲ ಒಂದೇ ಚಲನೆಯ, ಜೊತೆಗಾರರಿರುವ, ತಪ್ಪಿದರೆ ತಿದ್ದಿಕೊಳ್ಳಬಹುದಾದ ಕೆಲಸಗಳು. ಭೂಮಿ ಇಲ್ಲದ ಕೂಲಿಕಾರರ ಮನೆಯಲ್ಲಿ ಪಾಲಿನ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅಲ್ಲಿ ಮಗುವಿನ ಗತಿ ತಾಯಿಯ ಆಯುಸ್ಸನ್ನು ಅವಲಂಬಿಸಿತ್ತು. ಕರಾವಳಿಯ ಅಳಿಯಸಂತಾನ ಕುಟುಂಬಗಳಲ್ಲಿ ಸ್ಥಿತಿ ಇನ್ನೊಂದು ಬಗೆಯದು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಬರುವತನಕ ಕುಟುಂಬದ ಸದಸ್ಯನೊಬ್ಬ ಏಕಾಂಗಿಯಾಗಿ ಪಾಲು ಕೇಳುವಂತಿರಲಿಲ್ಲ. ಎಲ್ಲರಿಗೂ ಇದ್ದುದು ಕುಟುಂಬದ ಆಸ್ತಿಯಿಂದ ಪೋಷಣೆ ಪಡೆಯುವ ಹಕ್ಕು ಮಾತ್ರ. ಜಾಣನೂ ಪಾಲು ಕೇಳಲಾಗದ ಮನೆಯಲ್ಲಿ ಪೆದ್ದನಿಗೆ ಪಾಲಿಲ್ಲವೆಂಬುದು ಕೊರತೆಯಾಗಿ ಕಾಣುತ್ತಿರಲಿಲ್ಲ. ಗುತ್ತಿನ ಮನೆಗಳು ಒಡೆದು ಪಾಲಾದಾಗ ಈ ರಕ್ಷಣೆಯೂ ಒಡೆಯಿತು.

ಬ್ರಿಟಿಷ್ ಇಂಡಿಯಾದ ಶಾಸನಸಭೆ 1928ರಲ್ಲಿ ಹಿಂದೂ ಉತ್ತರಾಧಿಕಾರ (ಅನರ್ಹತೆಗಳ ನಿವಾರಣೆ) ಕಾಯಿದೆಯನ್ನು ಮಾಡಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ, ಮಂಗಳೂರು, ಬಳ್ಳಾರಿ ಪ್ರದೇಶಗಳಿಗೆ ಅನ್ವಯಿಸುತ್ತಿದ್ದ ಈ ಕಾಯಿದೆ ರೋಗ, ಅಂಗವಿಕಾರ, ದೈಹಿಕ ಅಥವಾ ಮಾನಸಿಕ ದೋಷದ ಕಾರಣಕ್ಕೆ ಯಾರನ್ನೂ ಪಾಲಿನಿಂದ ಹೊರಗಿಡಬಾರದೆಂದಿತು. ಕುರುಡನಿಗೆ ಪಾಲು ಬಂತು, ಕುಂಟನಿಗೆ ಬಂತು, ಕುಷ್ಠರೋಗಿಗೂ ಬಂತು. ಆದರೆ ಅದೇ ಕಲಮು ಒಂದು ಅಪವಾದವನ್ನು ಉಳಿಸಿಕೊಂಡಿತು: ಹುಟ್ಟಿನಿಂದಲೂ ಹುಚ್ಚ ಅಥವಾ ಜಡನಾಗಿರುವವನು ಇದಕ್ಕೆ ಹೊರತು. ಸಮಾಜ ಸುಧಾರಣೆಯ ಇತಿಹಾಸದಲ್ಲಿ ಈ ಕಾಯಿದೆಯನ್ನು ಪ್ರಗತಿಪರವೆಂದು ನೆನೆಯುವಾಗ ಈ ಅಪವಾದವನ್ನು ಮರೆಯುವುದೇ ಹೆಚ್ಚು. ಎಂಟು ಶತಮಾನಗಳ ಪಟ್ಟಿಯಲ್ಲಿ ಮುಖ್ಯವಾಗಿ ಉಳಿದವರು ಈ ಮಕ್ಕಳು. ಉತ್ತರಾಧಿಕಾರಕ್ಕೆ ಸಂಬಂಧಿಸಿದ ಈ ಅನರ್ಹತೆಯನ್ನು ತೆಗೆದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು.

ಇದೇ ಅವಧಿಯಲ್ಲಿ ಈ ಮಕ್ಕಳನ್ನು ಎಣಿಸುವ, ಅಳೆಯುವ ಕೆಲಸವೂ ಆರಂಭವಾಯಿತು. ವಸಾಹತು ಕಾಲದ ಜನಗಣತಿಗಳು 1931ರವರೆಗೆ ಅಂಗವೈಕಲ್ಯಗಳನ್ನು ದಾಖಲಿಸಿದವು. ಆದರೆ ಹುಟ್ಟಿನ ಬುದ್ಧಿಮಾಂದ್ಯವು ‘ಹುಚ್ಚು’ ಎಂಬ ಕಲಮಿನೊಳಗೆ ಬೆರೆತುಹೋಯಿತು ಇಲ್ಲವೆ ದಾಖಲಾಗಲೇ ಇಲ್ಲ. 1912ರ ಭಾರತೀಯ ಹುಚ್ಚರ ಕಾಯಿದೆಯೂ ‘ಹುಚ್ಚ’ ಎಂಬ ಪದದ ವ್ಯಾಖ್ಯೆಯಲ್ಲಿಯೇ ಜಡನನ್ನು ಸೇರಿಸಿತ್ತು. ಬುದ್ಧಿಮಾಂದ್ಯವು ಮನೋರೋಗವಲ್ಲವೆಂದು ಕಾನೂನು ಒಪ್ಪಿದ್ದು 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ. ಅಳತೆಗೋಲನ್ನು ಕನ್ನಡಕ್ಕೆ ತಂದವರು ವಿ.ವಿ. ಕಾಮತರು. ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ, ಧಾರವಾಡದ ಮಕ್ಕಳ ಮೇಲೆ ಪ್ರಯೋಗಿಸಿ, 1934ರಲ್ಲಿ ಅದನ್ನು ಪ್ರಕಟಿಸಿದರು; 1940ರಲ್ಲಿ ಅವರ ಗ್ರಂಥ ಹೊರಬಂತು. ಬಿನೆ–ಕಾಮತ್ ಪರೀಕ್ಷೆ ಮುಂದೆ ದಶಕಗಳ ಕಾಲ ಪ್ರಮಾಣಪತ್ರ ನೀಡುವ ಆಸ್ಪತ್ರೆಗಳ ಮೇಜಿನ ಮೇಲಿತ್ತು. ಕನ್ನಡ ಮಕ್ಕಳ ಬುದ್ಧಿಯನ್ನು ಕನ್ನಡದಲ್ಲಿಯೇ ಅಳೆಯಬೇಕೆಂಬ ಅವರ ಹಟ ದೊಡ್ಡದು. ಆದರೆ ಪಟ್ಟಣದ ಮಕ್ಕಳಿಂದ ಸಿದ್ಧವಾದ ಅಳತೆಯಲ್ಲಿ, ಹಕ್ಕಿ ಓಡಿಸುವುದರಲ್ಲಿ ನಿಪುಣನಾದ ಹುಡುಗನಿಗೆ ಅಂಕವಿರಲಿಲ್ಲ. ಕಾಗುಣಿತ, ಮಗ್ಗಿಗಳ ಶಾಲೆ ಹಳ್ಳಿಗೆ ಬಂದ ಮೇಲೆಯೇ ಅನೇಕ ಮಕ್ಕಳ ಕೊರತೆ ಮೊದಲ ಬಾರಿಗೆ ಊರಿಗೆಲ್ಲ ಕಾಣಿಸಿತು.

ಕಾರಣದ ವಿಚಾರದಲ್ಲಿ ಸಮುದಾಯ ಮತ್ತು ವಿಜ್ಞಾನ ಬೇರೆ ಬೇರೆ ಉತ್ತರ ಕೊಟ್ಟವು. ಗ್ರಹಣಕಾಲದಲ್ಲಿ ಬಸುರಿ ಹೊರಗೆ ಬಂದಳು, ನಾಗನಿಗೆ ಮೈಲಿಗೆಯಾಯಿತು, ಹರಕೆ ತೀರಲಿಲ್ಲ ಎಂಬ ವಿವರಣೆಗಳು ಬಹುತೇಕ ತಾಯಿಯ ಮೇಲೆಯೇ ಹೊರೆ ಹಾಕುತ್ತವೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಹೋದ್ಯೋಗಿಗಳು ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತಪರೀಕ್ಷೆ ನಡೆಸಿ, ಸೋದರಮಾವ–ಸೊಸೆ ಮುಂತಾದ ರಕ್ತಸಂಬಂಧದ ಮದುವೆಗಳಿಗೂ ಆನುವಂಶಿಕ ದೋಷಗಳಿಗೂ ಇರುವ ನಂಟನ್ನು ಅಧ್ಯಯನ ಮಾಡಿದರು. ಈ ಮದುವೆಗಳ ಒಂದು ಗುರಿ ಜಮೀನು ಹೊರಮನೆಗೆ ಹೋಗದಂತೆ ಕಾಯುವುದು. ನೆಲವನ್ನು ಉಳಿಸಲು ಮಾಡಿದ ಮದುವೆಯಲ್ಲಿ ಹುಟ್ಟಿದ ಮಗುವಿಗೇ ನೆಲದ ಪಾಲು ಇಲ್ಲವಾದ ಪ್ರಸಂಗಗಳನ್ನು ಚರಿತ್ರಕಾರರು ಗಮನಿಸಬೇಕು. ಗರ್ಭಿಣಿಯ ಆಹಾರದಲ್ಲಿ ಅಯೋಡಿನ್ ಕೊರತೆಯಾದರೆ ಮಗುವಿನ ಮಿದುಳು ಬೆಳೆಯದು ಎಂಬ ತಿಳಿವು 1962ರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮದ ಅನಂತರ ನಿಧಾನವಾಗಿ ಉಪ್ಪಿನ ಪೊಟ್ಟಣದ ಮೂಲಕ ಹಳ್ಳಿಗೆ ತಲುಪಿತು.

ದೈವದ ವಿವರಣೆಯೂ ರಾಸಾಯನಿಕ ವಿವರಣೆಯೂ ಮುಖಾಮುಖಿಯಾದದ್ದು ಕಾಸರಗೋಡು ಜಿಲ್ಲೆಯ, ಕನ್ನಡ–ತುಳು ಮಾತಾಡುವ ಪಡ್ರೆ ಗ್ರಾಮದಲ್ಲಿ. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಮನೆ ಮನೆಯಲ್ಲಿ ಮಕ್ಕಳು ಬುದ್ಧಿ ಬೆಳೆಯದೆ, ಮೈ ಸೆಟೆದು ಮಲಗಿದಾಗ ಜನ ಮೊದಲು ಅದನ್ನು ಊರ ದೈವ ಜಟಾಧಾರಿಯ ಕೋಪವೆಂದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್, ಕನ್ನಡದ ಕೃಷಿ ಪತ್ರಕರ್ತ ಶ್ರೀ ಪಡ್ರೆ ಮೊದಲಾದವರು ವಿಷದ ಕಡೆಗೆ ಬೆರಳು ತೋರಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜದ ಮಕ್ಕಳೊಂದಿಗೆ ಹೋಲಿಸಿ, ಕಲಿಕೆಯ ತೊಂದರೆ ಮತ್ತು ನರಸಂಬಂಧಿ ದೋಷಗಳು ಪಡ್ರೆಯಲ್ಲಿ ಹೆಚ್ಚೆಂದು 2002ರಲ್ಲಿ ವರದಿ ಮಾಡಿತು. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಿನ ಗ್ರಾಮಗಳದ್ದೂ ಇದೇ ಕಥೆ. ಕರ್ನಾಟಕ 2011ರಲ್ಲಿ ಈ ವಿಷವನ್ನು ನಿಷೇಧಿಸಿತು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತು. ಹರಕೆಯಿಂದ ಆರಂಭವಾದ ಮಾತು ಪರಿಹಾರಕ್ಕೆ ಬಂದು ನಿಂತದ್ದು ಇಲ್ಲಿ ಮುಖ್ಯ. ಇಲ್ಲಿ ಈ ಮಕ್ಕಳಿಗೆ ಸಲ್ಲಬೇಕಾದುದು ಕರುಣೆಯಾಗಿ ಅಲ್ಲ, ಬಾಕಿಯಾಗಿ ಲೆಕ್ಕಕ್ಕೆ ಬಂತು.

ಪ್ರಭುತ್ವದ ಚಿಕಿತ್ಸಾ ವ್ಯವಸ್ಥೆ ಹಳ್ಳಿಯತ್ತ ಮುಖ ಮಾಡಿದ್ದು ತಡವಾಗಿ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ನಡೆಸಿದ ಪ್ರಯೋಗ ರಾಷ್ಟ್ರಕ್ಕೆ ಮಾದರಿಯಾಯಿತು. 1995ರ ಅಂಗವಿಕಲರ ಕಾಯಿದೆ ಬುದ್ಧಿಮಾಂದ್ಯವನ್ನು ಏಳು ವಿಧಗಳಲ್ಲೊಂದಾಗಿ ಗುರುತಿಸಿತು. 2016ರ ಕಾಯಿದೆ ಅದನ್ನು ‘ಬೌದ್ಧಿಕ ವಿಕಲತೆ’ ಎಂದು ಕರೆಯಿತು. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಬುದ್ಧಿಮಾಂದ್ಯಕ್ಕೂ ಮನೋರೋಗಕ್ಕೂ ಪ್ರತ್ಯೇಕ ಸಂಕೇತಗಳು ಬಂದವು. ಕರ್ನಾಟಕದ 13,24,205 ಅಂಗವಿಕಲರಲ್ಲಿ 93,974 ಮಂದಿ ಬುದ್ಧಿಮಾಂದ್ಯರೆಂದು ದಾಖಲಾದರು. ಮನೆಯ ಯಜಮಾನನ ಬಾಯಿಂದ ಬಂದ ಈ ಸಂಖ್ಯೆ ವಾಸ್ತವಕ್ಕಿಂತ ಕಡಿಮೆಯಿರುವ ಸಂಭವವೇ ಹೆಚ್ಚು; ಅಕ್ಕತಂಗಿಯರ ಮದುವೆ ಮುಗಿಯುವತನಕ ಇಂತಹ ಮಗುವಿನ ಸುದ್ದಿ ಎತ್ತದಿರುವುದು ಅನೇಕ ಮನೆಗಳ ನಡೆ.

ಪಾಲಿನ ಪ್ರಶ್ನೆ ಇದರಿಂದ ಮುಗಿಯಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲಾಧಿಕಾರಿಯನ್ನೊಳಗೊಂಡ ಸ್ಥಳೀಯ ಸಮಿತಿಯು 18 ವರ್ಷ ದಾಟಿದ ಬುದ್ಧಿಮಾಂದ್ಯರಿಗೂ ಪೋಷಕರನ್ನು ನೇಮಿಸಬಹುದು. ಆಸ್ತಿಯ ಹೊಣೆ ಹೊತ್ತ ಪೋಷಕ ಆರು ತಿಂಗಳೊಳಗೆ ಅದರ ಪಟ್ಟಿಯನ್ನೂ ಪ್ರತಿವರ್ಷ ಲೆಕ್ಕವನ್ನೂ ಒಪ್ಪಿಸಬೇಕು. ಹಸು, ಮರ, ಕಂಬಳಿಯ ಕಥೆಯಲ್ಲಿ ಬರುವ ಊರಿನವನ ಸ್ಥಾನವನ್ನು ಕಾನೂನು ಹೀಗೆ ತುಂಬಲು ಯತ್ನಿಸಿದೆ. ಆದರೆ ಹಳ್ಳಿಯ ಪಾಲುಪಟ್ಟಿಗಳಲ್ಲಿ ಹೆಚ್ಚಾಗಿ ನಡೆಯುವುದು ಬೇರೆ ಕ್ರಮ: ‘ಅವನನ್ನು ಯಾರು ನೋಡಿಕೊಳ್ಳುತ್ತಾರೋ ಅವರಿಗೆ ಅವನ ಪಾಲು’. ಪಾಲುಂಟು, ಆದರೆ ಅದು ಅವನ ಹೆಸರಿನಲ್ಲಿ ಪಹಣಿಗೆ ಏರುವುದಿಲ್ಲ; ಅನ್ನ ಹಾಕುವವರ ಹೆಸರಿಗೆ ಸೇರುತ್ತದೆ. ನೋಡಿಕೊಳ್ಳುವುದು ನಿಂತ ದಿನ ಪಾಲನ್ನು ಮರಳಿ ಕೇಳುವವರು ಯಾರು ಎಂಬುದಕ್ಕೆ ಪಟ್ಟಿಯಲ್ಲಿ ಉತ್ತರವಿರುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಕರ್ನಾಟಕದ್ದೇ ಆದ ಒಂದು ತಿರುವಿದೆ. 1994ರಲ್ಲಿ ಜಾರಿಗೆ ಬಂದ ರಾಜ್ಯ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಪಾಲು ಕೊಟ್ಟಿತು; ಅದಕ್ಕೆ ಮೊದಲೇ ಮದುವೆಯಾಗಿದ್ದವರಿಗೆ ಅದು ಅನ್ವಯಿಸಲಿಲ್ಲ. ಬುದ್ಧಿಮಾಂದ್ಯ ಹೆಣ್ಣುಮಕ್ಕಳಲ್ಲಿ ಬಹುಪಾಲು ಮದುವೆಯಾಗದವರು. ಹಾಗಾಗಿ ಜಾಣ ಅಕ್ಕಂದಿರಿಗೆ ದೊರೆಯದ ಹಕ್ಕು ಅನೇಕ ಮನೆಗಳಲ್ಲಿ, ಶಾಸಕರು ನೆನೆಸಿರದಿದ್ದರೂ, ಇವರಿಗೆ ದೊರೆಯಿತು. ಕೇಂದ್ರದ 2005ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಅಣ್ಣತಮ್ಮಂದಿರು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳುವ ರೂಢಿ ಎಲ್ಲೆಡೆ ಇದೆ. ತಿಳಿವಿಲ್ಲದವಳ ಹೆಬ್ಬೆಟ್ಟಿಗೆ 1872ರ ಕರಾರು ಕಾಯಿದೆಯಲ್ಲಿ ಬೆಲೆಯಿಲ್ಲ. ಅದನ್ನು ಬಲ್ಲ ಪತ್ರ ಬರಹಗಾರರು ಇಂತಹ ಮನೆಗಳ ಪಾಲುಪತ್ರದಲ್ಲಿ ಅವಳನ್ನು ಹಕ್ಕುದಾರಳಾಗಿ ಕಾಣಿಸದೆ, ಕೊನೆಯ ಷರತ್ತುಗಳಲ್ಲಿ ಒಂದಾಗಿ, ಅವಿವಾಹಿತ ಸೋದರಿಯನ್ನು ಅವಳು ಜೀವಂತವಿರುವವರೆಗೆ ಅನ್ನ ಬಟ್ಟೆ ಕೊಟ್ಟು ನೋಡಿಕೊಳ್ಳತಕ್ಕದ್ದು ಎಂದು ಒಂದು ಸಾಲು ಸೇರಿಸುತ್ತಾರೆ.